ವಾರಕ್ಕೊಂದು ಚೀಟಿ, ಮನೆಗೊಂದು ಫೋಟೊ

ಹಳ್ಳಿಯಲ್ಲಿದ್ದುಕೊಂಡು ಪತ್ರಿಕೆಗೆ ಸುದ್ದಿ ಕಳಿಸುವವರ ಫೋನಿಗೆ ಹೆಚ್ಚಾಗಿ ಬರುವ ಫೋಟೊ ಯಾವುದು ಗೊತ್ತೇ? ಆಧಾರ್ ಕಾರ್ಡಿನದು. ಯಾರೋ ತೀರಿಕೊಂಡಿರುತ್ತಾರೆ. ನಿಧನ ಸುದ್ದಿಗೆ ನಾಲ್ಕು ಸಾಲು, ಜೊತೆಗೊಂದು ಭಾವಚಿತ್ರ ಬೇಕು. ಮನೆಯವರು ಹುಡುಕುತ್ತಾರೆ. ಮೊಮ್ಮಕ್ಕಳ ಫೋನಿನಲ್ಲಿ ಸಾವಿರ ಫೋಟೊ ಇರುತ್ತವೆ: ಬೈಕು, ಕ್ರಿಕೆಟ್ಟು, ಜಾತ್ರೆ, ಸೆಲ್ಫಿ. ಅಜ್ಜಿಯದು ಮಾತ್ರ ಇರುವುದಿಲ್ಲ. ಕೊನೆಗೆ ಆಧಾರ್ ಕಾರ್ಡನ್ನೇ ಫೋಟೊ ಹೊಡೆದು ಕಳಿಸುತ್ತಾರೆ. ಒಂದು ಜನ್ಮ ಪೂರ್ತಿ ದುಡಿದ ಮುಖ ಅಂಚೆ ಚೀಟಿಯಷ್ಟಾಗಿ, ಮಸುಕಾಗಿ ಬರುತ್ತದೆ. ಅದನ್ನೇ ಹಿಗ್ಗಿಸಿ ಫ್ಲೆಕ್ಸ್ ಮಾಡಿ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುತ್ತಾರೆ.

ಇಂಥ ಫೋಟೊಗಳನ್ನು ವರ್ಷಗಟ್ಟಲೆ ನೋಡಿ ನೋಡಿಯೇ ನಮ್ಮ ಮನೆಯಲ್ಲಿ ಈ ಆಟ ಶುರುವಾಯಿತು.

ನಾವು ಎಂದರೆ ಗಂಡ, ಹೆಂಡತಿ ಇಬ್ಬರೂ. ಬರೆಯುವ ಕೈ ಒಂದು, ಹೇಳುವ ಬಾಯಿ ಎರಡು. ಬ್ಯಾಡಗಿ ತಾಲ್ಲೂಕಿನ ಹಳ್ಳಿ ನಮ್ಮದು. ಒಬ್ಬರದು ಸುದ್ದಿ, ಒಬ್ಬರದು ಹೊಲಿಗೆ ಮಷಿನ್ನು. ಅದರ ಜೊತೆ 2 ಎಕರೆ ಹೊಲ, ಒಂದು ಎಮ್ಮೆ, ಐದನೇ ಇಯತ್ತೆ ಮಗಳು, ಒಂದನೇ ಇಯತ್ತೆ ಮಗ, 70 ದಾಟಿದ ಅವ್ವ. ಪುರುಸೊತ್ತು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಎಮ್ಮೆಯೊಂದನ್ನು ಬಿಟ್ಟು.

ಆಟದ ನಿಯಮ ಇಷ್ಟೇ. ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿಗಳಿವೆ. ಒಂದೊಂದರಲ್ಲಿ ಒಂದೊಂದು ಪದ. ಭಾನುವಾರ ರಾತ್ರಿ ಉಂಡ ಮೇಲೆ ಒಬ್ಬರು ಚೀಟಿ ಎತ್ತಬೇಕು. ಮುಂದಿನ ಭಾನುವಾರದೊಳಗೆ ಎಲ್ಲರೂ ಆ ಪದಕ್ಕೆ ಒಂದೊಂದು ಫೋಟೊ ತೆಗೆಯಬೇಕು. ಇರುವ ಎರಡು ಫೋನೇ ಸಾಕು, ಹೊಸದು ಕೊಳ್ಳುವಂತಿಲ್ಲ. ಫೋಟೊಕ್ಕಾಗಿ ದೂರ ಹೋಗುವಂತಿಲ್ಲ. ಯಾರನ್ನಾದರೂ ತೆಗೆಯುವುದಿದ್ದರೆ ಅವರನ್ನು ಕೇಳಿಯೇ ತೆಗೆಯಬೇಕು, ಅವರು ಬೇಡ ಎಂದರೆ ಬೇಡ. ಸೀಗಿ ಹುಣ್ಣಿವೆಯ ವಾರ ಶುರುಮಾಡಿದೆವು. ಕಾರ ಹುಣ್ಣಿವೆ ಹೊತ್ತಿಗೆ 34 ವಾರ ಆಯಿತು. ಮಗನಿಗೆ ಜ್ವರ ಬಂದಾಗ ಒಂದು ವಾರ, ಮೆಣಸಿನಕಾಯಿ ಬಿಡಿಸುವಾಗ ಎರಡು ವಾರ ಆಟ ನಿಂತಿತ್ತು. ನಿಂತ ವಾರದ ಚೀಟಿ ತಿರುಗಿ ಡಬ್ಬಿಗೆ ಹೋಗುತ್ತದೆ. ದಂಡವಿಲ್ಲ, ಬೈಗುಳವಿಲ್ಲ.

ಮೊದಲ ಚೀಟಿ ‘ನೀರು’. ನಾವಿಬ್ಬರೂ ನಳದ ಮುಂದಿನ ಕೊಡಗಳ ಸಾಲು ತೆಗೆದೆವು. ಪೇಪರಿಗೆ ಕಳಿಸುವಂಥ ಫೋಟೊ ಅದು. ಮಗ ತೆಗೆದದ್ದು ನೀರು ಕುಡಿದು ತಲೆ ಎತ್ತಿದ ಎಮ್ಮೆಯ ಮೂಗು, ಅದರ ತುದಿಯಲ್ಲಿ ಒಂದು ಹನಿ. ಆ ವಾರ ಅವನೇ ಗೆದ್ದ.

ಜನವರಿಯಲ್ಲಿ ‘ಕೆಂಪು’ ಬಂತು. ಬ್ಯಾಡಗಿ ಸೀಮೆಯವರಿಗೆ ಇದು ಸಲೀಸು ಅನ್ನಿಸಬಹುದು. ಸೋಮವಾರ, ಗುರುವಾರ ಮಾರ್ಕೆಟ್ಟಿಗೆ ಹೋದರೆ ಕಣ್ಣು ಹಾಯುವವರೆಗೂ ಮೆಣಸಿನಕಾಯಿ ಚೀಲ. ನಮ್ಮ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಹೆಸರು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆದರೆ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಆ ರಾಶಿಯನ್ನು ಫೋನಿನಲ್ಲಿ ತೆಗೆದು ನೋಡಿ. ಕೆಂಪು ಬಣ್ಣ ಬಳಿದ ಗೋಡೆಯ ಹಾಗೆ ಬರುತ್ತದೆ, ಕಾಯಿಯ ಮೇಲಿನ ಸುಕ್ಕು ಒಂದೂ ಕಾಣುವುದಿಲ್ಲ. ಅದೇ ರಾಶಿಯನ್ನು ನೆರಳಿನಲ್ಲಿ, ಇಲ್ಲವೇ ಇಳಿ ಬಿಸಿಲಿನಲ್ಲಿ ತೆಗೆದರೆ ಡಬ್ಬಿ ಯಾವುದು, ಕಡ್ಡಿ ಯಾವುದು ಗುರುತು ಹಿಡಿಯಬಹುದು. ಹಗಲು ಕೆಲಸ, ಸಂಜೆ ಫೋಟೊ ಎಂಬ ಲೆಕ್ಕ ನಮಗೆ ಅಲ್ಲಿಂದ ಕೂತಿತು. ದುಡಿಯುವ ಮನೆಗೂ ಅದೇ ಅನುಕೂಲ.

ಅವ್ವ ಮಾತ್ರ ಆಟದಿಂದ ಹೊರಗೇ ಇದ್ದಳು. ಫೋನ್ ಹಿಡಿದರೆ ಸೆರಗು ಮುಖದ ಮೇಲೆ ಬರುತ್ತಿತ್ತು. “ನನ್ನ ಮಾರಿ ಏನ್ ನೋಡ್ತೀರಿ? ಹೊಲದಾಗ ಬೆಳಿ ನೋಡ್ ಹೋಗ್ರಿ” ಎನ್ನುತ್ತಿದ್ದಳು. ಒತ್ತಾಯ ಮಾಡುವ ಹಾಗಿಲ್ಲ, ನಿಯಮ ನಿಯಮವೇ.

ಆಮೇಲೆ ‘ಶಬ್ದ’ ಎಂಬ ಚೀಟಿ ಬಂತು. ಶಬ್ದದ ಫೋಟೊ ತೆಗೆಯುವುದು ಹೇಗೆ? ನಾಲ್ಕು ದಿನ ಯಾರಿಗೂ ಹೊಳೆಯಲಿಲ್ಲ. ಐದನೇ ದಿನ ಬೆಳಿಗ್ಗೆ ಅಡುಗೆ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಮಗಳು ಎದ್ದು ಹೋದಳು. “ಅಜ್ಜಿ, ಮಾರಿ ಬ್ಯಾಡ, ಕೈ ಅಷ್ಟ ತಗೀಲೇನು?” ಎಂದು ಕೇಳಿದಳು. ಅವ್ವ ಹೂಂ ಅಂದಳು.

ನಮ್ಮ ಅಡುಗೆ ಮನೆಗೆ ಒಂದೇ ಕಿಟಕಿ. ಬೆಳಕು ಕಡಿಮೆ ಇದ್ದಲ್ಲಿ ಫೋನಿನ ಕ್ಯಾಮೆರಾ ಫೋಟೊ ಹಿಡಿಯಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಅಲುಗಾಡಿದ್ದೆಲ್ಲ ಮಸುಕಾಗುತ್ತದೆ, ಅಲುಗದ್ದು ಸ್ಪಷ್ಟವಾಗಿ ನಿಲ್ಲುತ್ತದೆ. ಹಾಗಾಗಿ ಆ ಫೋಟೊದಲ್ಲಿ ಹಿಟ್ಟು, ಒಲೆ, ತವೆ ಎಲ್ಲ ನಿಚ್ಚಳವಾಗಿವೆ. ಕೈ ಮಾತ್ರ ಹಕ್ಕಿಯ ರೆಕ್ಕೆಯಂತೆ ಹಾರುತ್ತಿದೆ. ನೋಡಿದರೆ ಸಪ್ಪಳ ಕೇಳುತ್ತದೆ.

ಆ ಭಾನುವಾರ ಅವ್ವ ಫೋನನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಆಮೇಲೆ, “ಇದು ನನ್ನ ಕೈ ಅಲ್ಲ, ನಮ್ಮವ್ವನ ಕೈ” ಎಂದಳು.

ಅವ್ವನ ಅವ್ವನ ಫೋಟೊ ಎಲ್ಲಿಯೂ ಇಲ್ಲ. ಆಧಾರ್ ಬರುವ ಎಷ್ಟೋ ವರ್ಷ ಮೊದಲೇ ಹೋದ ಜೀವ. ಮುಖ ಹೇಗಿತ್ತು ಎಂದು ಕೇಳಿದರೆ ಅವ್ವ ತಡವರಿಸಿದಳು. ನತ್ತು ನೆನಪಿದೆ, ಸೀರೆಯ ಅಂಚು ನೆನಪಿದೆ, ಮುಖ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಮಾರನೆಯ ದಿನ ಅವ್ವ ಮೊಮ್ಮಗಳ ಕೈಲಿ ಒಂದು ಚೀಟಿ ಬರೆಸಿ ಡಬ್ಬಿಗೆ ಹಾಕಿಸಿದಳು. ‘ಹೋದವರು’ ಎಂದಿತ್ತು. ಅದು ನಮಗೆ ಬಂದ ಎಲ್ಲಕ್ಕಿಂತ ಕಠಿಣ ಚೀಟಿ. ಮಗಳು ಹಿತ್ತಲಲ್ಲಿದ್ದ ಬೀಸುವ ಕಲ್ಲನ್ನು ತೆಗೆದಳು. ಅವ್ವ ಮದುವೆಯಾಗಿ ಬಂದಾಗ ತವರಿನಿಂದ ಬಂದ ಕಲ್ಲು ಅದು. ಗೂಟ ಹಿಡಿದು ಹಿಡಿದು ನುಣುಪಾದ ಜಾಗದಲ್ಲಿ ಬೆಳಕು ಬಿದ್ದಿದೆ, ಅಷ್ಟೇ. ಆ ಫೋಟೊವನ್ನು ಅವ್ವ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾಳೆ.

ಇನ್ನೊಂದು ವಾರ ‘ಸುಮ್ಮನೆ ಕೂತವರು’ ಎಂಬ ಚೀಟಿ ಬಂತು. ಎಲ್ಲಕ್ಕಿಂತ ಸುಲಭದ್ದು ಎಂದುಕೊಂಡಿದ್ದೆವು. ಕಟ್ಟೆಯ ಮೇಲೆ ಕೂತ ಹಿರಿಯರು, ಚಹಾದಂಗಡಿ ಬೆಂಚು, ಗುಡಿಯ ಪಾವಟಿಗೆ, ಮೊದಲ ದಿನವೇ ಹತ್ತು ಫೋಟೊ ಆದವು. ಮಗಳು ಒಂದು ಮಾತು ಕೇಳಿದಳು: “ಇದರಾಗ ಎಲ್ಲಾರೂ ಗಂಡಸರೇ ಅದಾರಲ್ಲ?” ತಾನು ಹೆಂಗಸರನ್ನೇ ತೆಗೆಯುವೆ ಎಂದು ಹಟ ಹಿಡಿದಳು. ಆರು ದಿನ ಮಮ್ಮಿಯ ಬೆನ್ನು ಹತ್ತಿದಳು. ಮಷಿನ್ನಿನ ಮುಂದೆ ಕೂತದ್ದು ಕೆಲಸ. ಬಾಗಿಲಲ್ಲಿ ಕೂತದ್ದು ಅಕ್ಕಿ ಆರಿಸಲು. ಓಣಿಯ ಹೆಂಗಸರೂ ಅಷ್ಟೇ. ಮಾತಾಡುತ್ತ ಕೂತಿದ್ದರೂ ಕೈಯಲ್ಲಿ ಸೊಪ್ಪು, ಮಡಿಲಲ್ಲಿ ಕೂಸು. ಶನಿವಾರ ರಾತ್ರಿ ಒಂದು ಫೋಟೊ ಸಿಕ್ಕಿತು. ಮಂಚದ ಕಾಲಿಗೆ ಒರಗಿ ಮಮ್ಮಿ ಕೂತಿದ್ದಾಳೆ, ಟಿವಿಯ ಬೆಳಕು ಮುಖದ ಮೇಲಿದೆ, ಕೈ ಖಾಲಿ ಇದೆ. ಮಗ ಒಪ್ಪಲಿಲ್ಲ. “ಇದು ಸುಮ್ನ ಕೂತದ್ದಲ್ಲ, ನಿದ್ದಿ ಹತ್ತಿದ್ದು” ಎಂದ. ಹೌದು, ಕಣ್ಣು ಮುಚ್ಚಿದ್ದವು.

ನಕ್ಕೆವು. ಆದರೆ ನಕ್ಕು ಬಿಡುವ ಮಾತಾಗಿರಲಿಲ್ಲ. ಹತ್ತು ವರ್ಷ ಒಟ್ಟಿಗೆ ಬದುಕಿದರೂ ಮಾತಿಗೆ ಬಾರದ ಸಂಗತಿಯನ್ನು ಒಂದು ಚೀಟಿ ತೆಗೆದು ಮುಂದಿಟ್ಟಿತ್ತು. ಈಗ ಭಾನುವಾರ ನಾಲ್ಕರಿಂದ ಐದರವರೆಗೆ ಮಷಿನ್ನಿಗೆ ಬಟ್ಟೆ ಮುಚ್ಚುತ್ತೇವೆ. ಎಮ್ಮೆ, ನೀರು, ಚಹಾ ಎಲ್ಲ ಆ ಒಂದು ತಾಸು ಗಂಡಸರ ಪಾಲು. ಮದುವೆ ಹಂಗಾಮಿನಲ್ಲಿ ಹೊಲಿಗೆ ಜಾಸ್ತಿ ಬಂದಾಗ ಈ ತಾಸು ತಪ್ಪುವುದುಂಟು. ಉಳಿದಂತೆ ನಡೆದಿದೆ.

ಮೈಸೂರಿನವರಾದ ಟಿ.ಎಸ್. ಸತ್ಯನ್ (1923–2009) ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರು. 1977ರಲ್ಲಿ ಪದ್ಮಶ್ರೀ ಬಂತು. ಅವರು ತೆಗೆದ ಮಕ್ಕಳ ಫೋಟೊಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿ ಪ್ರದರ್ಶನಗೊಂಡವು. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಅವರ ಹೆಸರು ಕೇಳಿದ್ದೆವು. ಜಗತ್ತು ನಿಂತು ನೋಡಿದ್ದು ಆಡುವ, ನಗುವ, ದುಡಿಯುವ ಸಾಮಾನ್ಯ ಮಕ್ಕಳನ್ನು. ಅಂಥ ಮಕ್ಕಳು ನಮ್ಮ ಓಣಿಯಲ್ಲೂ ಇದ್ದಾರೆ.

ನೀವೂ ಶುರು ಮಾಡುವುದಾದರೆ ನಾವು ಕಲಿತ ನಾಲ್ಕು ಮಾತು ಕೇಳಿ.

ತೆಗೆಯುವ ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಹೊಲದ ಧೂಳು, ಅಡುಗೆ ಎಣ್ಣೆ ಕೂತಿರುತ್ತವೆ. ಅರ್ಧ ಫೋಟೊ ಮಸುಕಾಗುವುದು ಅದಕ್ಕೇ.

ಮನೆಯೊಳಗೆ ಫ್ಲಾಶ್ ಬೇಡ. ಬಾಗಿಲ ಬೆಳಕು ಮುಖದ ಒಂದು ಬದಿಗೆ ಬೀಳುವಂತೆ ಕೂರಿಸಿ. ಪರದೆಯ ಮೇಲೆ ಮುಖ ಇರುವಲ್ಲಿ ಬೆರಳಿಡಿ, ಬೆಳಕನ್ನು ಫೋನೇ ಹೊಂದಿಸುತ್ತದೆ.

ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಂತೆ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಮಕ್ಕಳ ಫೋಟೊಗಳನ್ನು ಮನೆಯವರ ನಡುವೆಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಮೂರು ತಿಂಗಳಿಗೊಮ್ಮೆ ನಾಲ್ಕಾದರೂ ಫೋಟೊ ಪ್ರಿಂಟ್ ಹಾಕಿಸಿ. ಫೋನ್ ಬೀಳುತ್ತದೆ, ಕಳೆಯುತ್ತದೆ. ಕಾಗದದ ಫೋಟೊ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

‘ಬಾಗಿಲು’ ಚೀಟಿ ಬಂದ ವಾರ ಅವ್ವ ತಾನಾಗಿಯೇ ಹೊಸ್ತಿಲಲ್ಲಿ ಬಂದು ಕೂತಳು. ಸೆರಗು ತಲೆಯ ಮೇಲಿತ್ತು, ಮುಖದ ಮೇಲೆ ಇರಲಿಲ್ಲ. ಇಳಿ ಬಿಸಿಲು ಕೆನ್ನೆಗೆ ಬಿದ್ದಿತ್ತು. ಫೋಟೊ ನೋಡಿ, “ಚಲೋ ಬಂದೈತಿ. ಇದನ್ನ ಹಾರ ಹಾಕಾಕ ಇಟ್ಕೊಳ್ರಿ” ಎಂದಳು. ನಮಗೆ ಮಾತು ಹೊರಡಲಿಲ್ಲ. ಮಗ ಅಷ್ಟರಲ್ಲೇ ಹಿತ್ತಲಿಂದ ಒಂದು ದಾಸವಾಳ ಕಿತ್ತು ತಂದು ಅಜ್ಜಿಯ ತಲೆಗೇ ಮುಡಿಸಿದ. ಅದರದೂ ಒಂದು ಫೋಟೊ ಆಯಿತು. ನಾವು ಗೋಡೆಗೆ ಹಾಕಿದ್ದು ಈ ಎರಡನೆಯದನ್ನು. ಅದರಲ್ಲಿ ಅವ್ವನ ಹಲ್ಲಿಲ್ಲದ ಬಾಯಿ ತುಂಬ ನಗು.

ಈ ವಾರ ನಮಗೆ ಬಂದ ಚೀಟಿ ‘ಮಣ್ಣು’. ಮಣ್ಣೆತ್ತಿನ ಅಮಾಸಿ ಹತ್ತಿರ ಬಂತು, ಬಿತ್ತನೆಯೂ ನಡೆದಿದೆ, ಮಣ್ಣಿಗೇನೂ ಬರವಿಲ್ಲ. ನಿಮ್ಮ ಡಬ್ಬಿಗೆ ಮೊದಲ ತಿಂಗಳಿಗೆ ನಮ್ಮ ಕಡೆಯಿಂದ ನಾಲ್ಕು ಪದ: ನೀರು, ಕೈ, ಬಾಗಿಲು, ಸುಮ್ಮನೆ ಕೂತವರು. ಕೊನೆಯದು ಬಂದ ವಾರ ಫೋನನ್ನು ಮಕ್ಕಳ ಕೈಗೆ ಕೊಡಿ.