ಪುಟ್ಟಿಯ ವೇಳಾಪಟ್ಟಿಯಲ್ಲಿ ಯೆಲ್ಲೊಸ್ಟೋನ್

ಅಮೆರಿಕದ ಡೆನ್ವರ್ ನಗರದಿಂದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ದಕ್ಷಿಣ ಭಾಗಕ್ಕೆ ಸುಮಾರು 850 ಕಿಲೋಮೀಟರ್. ಗಟ್ಟಿ ಚಾಲಕನೊಬ್ಬ ಬೆಳಗಿನ ಜಾವ ಹೊರಟರೆ ಸಂಜೆಗೆ ತಲುಪಿಬಿಡುತ್ತಾನೆ. ನಮಗೆ ಮೂರು ದಿನ ಹಿಡಿಯಿತು. ಕಾರಿನಲ್ಲಿದ್ದ ಐದು ಜನರಲ್ಲಿ ಒಬ್ಬಳಿಗೆ ಆಗ ಒಂಬತ್ತು ತಿಂಗಳು. ಮೊಮ್ಮಗಳಿಗೆ ಒಳ್ಳೆಯ ಹೆಸರೇ ಇಟ್ಟಿದ್ದಾರೆ, ಆದರೆ ನಮ್ಮ ಬಾಯಲ್ಲಿ ಅವಳು ಪುಟ್ಟಿ.

ಹೋಗುವುದೇನೋ ಸರಿ, ಮಲಗುವುದು ಡೇರೆಯಲ್ಲಿ ಎಂದು ಅಳಿಯಂದಿರು ಹೇಳಿದಾಗ ನನ್ನಾಕೆ ಸಾರಿನ ಸೌಟು ಕೆಳಗಿಟ್ಟಳು. “ಹಾಲು ಕುಡಿಯೋ ಕೂಸನ್ನ ಕಾಡಲ್ಲಿ ಮಲಗಿಸ್ತೀರಾ? ಅಲ್ಲಿ ಕರಡಿ ಇದಾವಂತಲ್ಲ?” ಎಂದಳು. “ಇದಾವೆ ಅತ್ತೆ, ಎರಡು ಜಾತಿ” ಎಂದು ಅವರು ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಆ ಉತ್ತರದಿಂದ ಏನೂ ಸಹಾಯವಾಗಲಿಲ್ಲ.

ನಾನು ಹಾಸನದಲ್ಲಿ ಸಾರಿಗೆ ಸಂಸ್ಥೆಯ ಸಂಚಾರ ನಿಯಂತ್ರಕನಾಗಿ ನಿವೃತ್ತನಾದವನು. ಯಾವ ಬಸ್ಸು ಎಷ್ಟಕ್ಕೆ ಬಿಡಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಬರೆದುಕೊಂಡೇ ಆಯುಷ್ಯ ಕಳೆದಿದ್ದೇನೆ. ಹಾಗಾಗಿ ಮಗಳು ಒಂದು ನೋಟ್‌ಬುಕ್ ತಂದು ಮುಂದಿಟ್ಟು, “ಅಪ್ಪಾ, ನೀನೇ ಟೈಮಿಂಗ್ಸ್ ಹಾಕು” ಎಂದಳು. ಎಲ್ಲ ಬಸ್ಸಿನ ವೇಳಾಪಟ್ಟಿಯೂ ಊರಿನಿಂದ ಶುರುವಾಗುತ್ತದೆ. ಈ ಪಟ್ಟಿ ಪುಟ್ಟಿಯ ನಿದ್ದೆಯಿಂದ ಶುರುವಾಯಿತು. ಅವಳು ಬೆಳಿಗ್ಗೆ ಒಂಬತ್ತೂವರೆಗೆ ಒಂದು ನಿದ್ದೆ, ಮಧ್ಯಾಹ್ನ ಎರಡರ ಹೊತ್ತಿಗೆ ಇನ್ನೊಂದು ನಿದ್ದೆ ಮಾಡುತ್ತಿದ್ದಳು. ಅವಳು ಮಲಗಿದ್ದಾಗ ಗಾಡಿ ಓಡಬೇಕು, ಎದ್ದಾಗ ನಿಲ್ಲಬೇಕು. ಏನೇ ಆದರೂ ಎರಡು ಗಂಟೆಗಿಂತ ಹೆಚ್ಚು ಅವಳನ್ನು ಸೀಟಿನಲ್ಲಿ ಕೂರಿಸುವಂತಿಲ್ಲ ಎಂದು ವೈದ್ಯರು ಹೇಳಿದ್ದರು.

ಆ ಸೀಟಿನ ಬಗ್ಗೆ ಮಕ್ಕಳಿಗೆ ಹೇಳಬೇಕು. ಅಲ್ಲಿ ಚಲಿಸುವ ಕಾರಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ, ಅಜ್ಜಿಯ ತೊಡೆಯಾದರೂ ಅಷ್ಟೆ. ಹಿಂದಿನ ಸಾಲಿನಲ್ಲಿ ಬಿಗಿದ ಪುಟ್ಟ ಕುರ್ಚಿಯಲ್ಲಿ, ಅದೂ ಕಾರಿನ ಹಿಂಭಾಗಕ್ಕೆ ಮುಖಮಾಡಿ, ಪಟ್ಟಿ ಕಟ್ಟಿ ಕೂರಿಸಬೇಕು. ನನಗೂ ಮೊದಲು ವಿಚಿತ್ರವೆನಿಸಿತು. ಕೂಸಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಎಳೆಯದು. ಗಾಡಿ ಗಕ್ಕನೆ ನಿಂತಾಗ ತಲೆ ಮುಂದಕ್ಕೆ ಎಗರುತ್ತದೆ. ಹಿಮ್ಮುಖವಾಗಿ ಕೂತಿದ್ದರೆ ಆ ಪೆಟ್ಟನ್ನೆಲ್ಲ ಕುರ್ಚಿಯ ಬೆನ್ನು ಹೊತ್ತುಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ನಿಂತಿದ್ದ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವುದನ್ನು ದಿನವೂ ನೋಡಿದವನಿಗೆ ಇದು ಬೇಗ ಅರ್ಥವಾಯಿತು. ನನ್ನಾಕೆಗೆ ಅರ್ಥವಾದರೂ ಕೂಸು ಅತ್ತಾಗಲೆಲ್ಲ ಅವಳ ಕೈ ತಾನಾಗಿ ಪಟ್ಟಿಯ ಕಡೆ ಹೋಗುತ್ತಿತ್ತು.

ಹೊರಡುವ ಎರಡು ವಾರ ಮೊದಲು ಒಂದು ರಿಹರ್ಸಲ್ ಆಯಿತು. ಮನೆಯ ಹಿತ್ತಲಲ್ಲೇ ಡೇರೆ ಹೊಡೆದು ಎಲ್ಲರೂ ಒಂದು ರಾತ್ರಿ ಮಲಗಿದೆವು. ಬೇಡವೆನಿಸಿದರೆ ಹತ್ತು ಹೆಜ್ಜೆಯಲ್ಲಿ ಮಂಚ. ಪುಟ್ಟಿ ಒಂದು ಗಂಟೆ ಡೇರೆಯ ಜಿಪ್ಪನ್ನು ಎಳೆದಾಡಿ, ಆಮೇಲೆ ಮಲಗಿದಳು. ನಾನು ಮಲಗಲಿಲ್ಲ, ಕೆಳಗೆ ಹಾಸಿದ್ದು ತೆಳ್ಳಗಿತ್ತು. ಮರುದಿನವೇ ಹಿರಿಯರಿಬ್ಬರಿಗೂ ಗಾಳಿ ತುಂಬುವ ಹಾಸಿಗೆ ಬಂತು. ಹಿರಿಯ ಓದುಗರು ಇದೊಂದನ್ನು ಗಮನದಲ್ಲಿಡಿ, ಹಿತ್ತಲಿನಲ್ಲಿ ನೋಯುವ ಸೊಂಟ ಕಾಡಿನಲ್ಲಿ ಸುಮ್ಮನಿರುವುದಿಲ್ಲ.

ರಾಗಿ ಸರಿಯ ಜವಾಬ್ದಾರಿ ನನ್ನಾಕೆಯದು. ಡೆನ್ವರಿನ ಇಂಡಿಯನ್ ಅಂಗಡಿಯ ರಾಗಿಯನ್ನೇ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಮಿಕ್ಸಿಯಲ್ಲಿ ಪುಡಿಮಾಡಿ, ತೆಳು ಪಂಚೆಯಲ್ಲಿ ಸೋಸಿ ಡಬ್ಬಿ ತುಂಬಿದಳು. ಜೊತೆಗೆ ತನ್ನ ತಾಯಿ ಹೆಣೆದಿದ್ದ ಉಲ್ಲನ್ ಕುಲಾವಿ, ಎರಡು ಲೀಟರಿನ ಕುಕ್ಕರ್. “ಕಾಡಿಗೆ ಕುಕ್ಕರ್ ಯಾಕಮ್ಮ?” ಎಂದು ಮಗಳು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಮೂರನೇ ದಿನ ಸಿಕ್ಕಿತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಒಂಬತ್ತೂ ಕಾಲಿಗೆ ಹೊರಟೆವು. ಊರು ದಾಟುವಷ್ಟರಲ್ಲಿ ಪುಟ್ಟಿ ಮಲಗಿದಳು. ಡೆನ್ವರ್ ಇರುವುದೇ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿ. ನಾವು ಹೋಗುವ ಜಾಗ ಇನ್ನೂ 750 ಮೀಟರ್ ಮೇಲೆ. ಡೆನ್ವರಿನಲ್ಲೇ ಹುಟ್ಟಿದ ಮಗುವಿಗೆ ತೊಂದರೆಯಿಲ್ಲ, ಹಾಲು ಮಾತ್ರ ಆಗಾಗ ಕುಡಿಸುತ್ತಿರಿ ಎಂದಿದ್ದರು ವೈದ್ಯರು. ನಮ್ಮಿಬ್ಬರಿಗೆ ನೀರು ಕುಡಿಯುತ್ತಿರಿ, ಮೆಲ್ಲಗೆ ನಡೆಯಿರಿ ಎಂಬ ಉಪದೇಶ.

ಉತ್ತರಕ್ಕೆ ಹೋದರೆ ವಯೋಮಿಂಗ್ ರಾಜ್ಯ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಜನ ಆರು ಲಕ್ಷವೂ ಇಲ್ಲ! ನಮ್ಮ ಹಾಸನ ಜಿಲ್ಲೆಯೊಂದರಲ್ಲೇ ಅದರ ಮೂರರಷ್ಟು ಜನರಿದ್ದಾರೆ. ಹುಲ್ಲುಗಾವಲು, ಬೇಲಿ, ಆಕಾಶ, ಅಲ್ಲಲ್ಲಿ ಜಿಂಕೆಯಂಥ ಪ್ರಾಂಗ್‌ಹಾರ್ನ್ ಹಿಂಡು. ಮೊದಲ ರಾತ್ರಿ ರಾಲಿನ್ಸ್ ಎಂಬ ಸಣ್ಣ ಊರಿನ ಹೋಟೆಲಿನಲ್ಲಿ ತಂಗಿದೆವು. ಮರುದಿನ ಅಲ್ಲಿಂದ ಲ್ಯಾಂಡರ್‌ವರೆಗಿನ 200 ಕಿಲೋಮೀಟರಿನಲ್ಲಿ ಊರು ಎನ್ನಬಹುದಾದ ಊರಿಲ್ಲ. ಫೋನಿನಲ್ಲಿ ಸಿಗ್ನಲ್ಲೂ ಬಂದು ಬಂದು ಹೋಗುತ್ತಿತ್ತು. ಇಂಥ ದಾರಿಯಲ್ಲಿ ಪೆಟ್ರೋಲು, ಕುಡಿಯುವ ನೀರು, ಮಗುವಿನ ಡೈಪರು ಮೂರನ್ನೂ ಲೆಕ್ಕಕ್ಕಿಂತ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಸಿಗ್ನಲ್ ಇಲ್ಲದಿದ್ದರೂ ದಾರಿ ತೋರುವಂತೆ ಅಳಿಯಂದಿರು ಕಾಗದದ ನಕಾಶೆಯನ್ನೂ ತಂದಿದ್ದರು. ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂರುವ ಕೆಲಸ ನನ್ನದು. ನಿವೃತ್ತಿಯಾದ ಮೇಲೆ ಅಷ್ಟು ಸಂತೋಷದ ಡ್ಯೂಟಿ ಸಿಕ್ಕಿದ್ದು ಅದೇ ಮೊದಲು.

ಎರಡು ಗಂಟೆಗೊಮ್ಮೆ ನಿಲ್ಲುವುದರಿಂದ ಏನಾಗುತ್ತದೆ ಎಂದರೆ, ಯಾರೂ ನಿಲ್ಲದ ಜಾಗದಲ್ಲೆಲ್ಲ ನಾವು ನಿಂತೆವು. ರಸ್ತೆಬದಿಯ ಹುಲ್ಲಿನ ಮೇಲೆ ಜಮಖಾನ ಹಾಸಿ ಪುಟ್ಟಿಯನ್ನು ಬಿಟ್ಟರೆ ಅವಳು ಅಂಬೆಗಾಲಿಟ್ಟು ಅಂಚಿಗೆ ಹೋಗಿ ಹುಲ್ಲು ಕೀಳುತ್ತಿದ್ದಳು. ನನ್ನ ಮಂಡಿಗೂ ಅದೇ ಅಂತರದಲ್ಲಿ ವಿಶ್ರಾಂತಿ ಬೇಕಿತ್ತು, ನನ್ನಾಕೆಗೂ ಅಷ್ಟೆ. “ನಿಮ್ಮಿಬ್ಬರದೂ ಪುಟ್ಟಿದೂ ಒಂದೇ ಷೆಡ್ಯೂಲ್” ಎಂದು ಮಗಳು ನಕ್ಕಳು. ನಗಲಿ, ಎಲ್ಲರೂ ಹಗುರಾಗಿ ತಲುಪಿದ್ದು ಆ ಷೆಡ್ಯೂಲಿನಿಂದಲೇ.

ಡುಬಾಯ್ಸ್ ಎಂಬಲ್ಲಿ ಎರಡನೇ ರಾತ್ರಿ ಕಳೆದು, ಮೂರನೇ ದಿನ 2,900 ಮೀಟರಿಗೂ ಎತ್ತರದ ಟೋಗೋಟಿ ಕಣಿವೆದಾರಿ ದಾಟಿ ಇಳಿಯುವಾಗ ಎದುರಿಗೆ ಟೀಟನ್ ಪರ್ವತಗಳು ಕಂಡವು. ಜುಲೈನಲ್ಲೂ ಹಿಮ. ಅದನ್ನು ನೋಡಿ ನನ್ನಾಕೆ ಮಾತಾಡದೆ ಕುಲಾವಿಯನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ಯೆಲ್ಲೊಸ್ಟೋನ್ 1872ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನ, ಜಗತ್ತಿನಲ್ಲೇ ಮೊದಲನೆಯದೆಂದು ಹೆಸರಾದದ್ದು. ನಾವು ತಂಗಿದ್ದು ಯೆಲ್ಲೊಸ್ಟೋನ್ ಸರೋವರದ ದಡದ ಗ್ರಾಂಟ್ ವಿಲೇಜ್ ಎಂಬಲ್ಲಿ. ಬೇಸಿಗೆಯಲ್ಲಿ ಅಲ್ಲಿ ಜಾಗ ಬೇಕೆಂದರೆ ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು. ಪೈನ್ ಮರಗಳ ಕೆಳಗೆ ನಮಗೊಂದು ತಾಣ, ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ. ಅದೇ ಕರಡಿ ಪೆಟ್ಟಿಗೆ. ಅಂದರೆ ಕರಡಿಯನ್ನು ಇಡುವುದಕ್ಕಲ್ಲ, ಕರಡಿಗೆ ಸಿಗಬಾರದ್ದನ್ನು ಇಡುವುದಕ್ಕೆ. ವಾಸನೆ ಇರುವ ಯಾವುದೂ ಡೇರೆಯೊಳಗೆ ಇರಕೂಡದು. ಅನ್ನ, ಚಟ್ನಿಪುಡಿ ಸರಿ, ಸೋಪು, ಕೊಬ್ಬರಿ ಎಣ್ಣೆ, ಪುಟ್ಟಿಯ ಹಾಲಿನ ಬಾಟಲಿ, ಸರಿಯ ಡಬ್ಬಿ, ಮೈಗೆ ಹಚ್ಚುವ ಮುಲಾಮು ಕೂಡ ಪೆಟ್ಟಿಗೆಗೆ. ಪಾತ್ರೆ ತೊಳೆದ ನೀರನ್ನು ಮರದ ಬುಡಕ್ಕೆ ಚೆಲ್ಲುವಂತಿಲ್ಲ, ಅದಕ್ಕೆಂದೇ ಇರುವ ತೊಟ್ಟಿಗೆ ಒಯ್ಯಬೇಕು.

ಇಷ್ಟೊಂದು ಕಟ್ಟುನಿಟ್ಟು ಮೊದಲಿನಿಂದ ಇರಲಿಲ್ಲ. ಒಂದು ಕಾಲದಲ್ಲಿ ಅಲ್ಲಿ ಹೋಟೆಲುಗಳ ಕಸ ಸುರಿಯುವ ಗುಂಡಿಗಳಿಗೆ ಕರಡಿಗಳು ಬರುತ್ತಿದ್ದವು, ಜನ ಅದನ್ನು ಆಟದಂತೆ ಕೂತು ನೋಡುತ್ತಿದ್ದರು. ರಸ್ತೆಯಲ್ಲಿ ಕಾರು ನಿಲ್ಲಿಸಿ ಕೈಯಾರೆ ತಿನ್ನಿಸುತ್ತಿದ್ದರು. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮನುಷ್ಯರಿಗೆ ಅಪಾಯ, ಕೊನೆಗೆ ಕರಡಿಯ ಜೀವಕ್ಕೇ ಸಂಚಕಾರ. ಕೊನೆಯ ಕಸದ ಗುಂಡಿ ಮುಚ್ಚಿದ್ದು 1970ರಲ್ಲಿ. ಈಗ ಕರಡಿ ಕಂಡರೆ 91 ಮೀಟರ್ ದೂರ, ಕಾಡೆಮ್ಮೆಯಂಥ ಬೈಸನ್ ಕಂಡರೆ 23 ಮೀಟರ್ ದೂರ ಇರಬೇಕೆಂಬ ನಿಯಮವಿದೆ. ರೇಂಜರ್ ಹುಡುಗಿ ಇದನ್ನೆಲ್ಲ ಹೇಳುವಾಗ ನನ್ನಾಕೆ, ಒಗ್ಗರಣೆಗೆ ಇಂಗು ಹಾಕಬಹುದೋ ಇಲ್ಲವೋ ಕೇಳು ಎಂದು ಮಗಳನ್ನು ತಿವಿದಳು. ಮಗಳು ಕೇಳಲಿಲ್ಲ. ಇಂಗಿಲ್ಲದ ತಿಳಿಸಾರನ್ನೇ ಉಂಡೆವು.

ಕುಕ್ಕರಿನ ಉತ್ತರ ಸಿಕ್ಕಿದ್ದು ಅಲ್ಲೇ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ. ಅಲ್ಲಿ 92 ಡಿಗ್ರಿಗೇ ಕುದಿ ಬಂದುಬಿಡುತ್ತದೆ. ಕುದಿ ಬಂದರೂ ಬಿಸಿ ಸಾಲದು, ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಒತ್ತಡ ತಡೆದಿಡುವ ಕುಕ್ಕರಿನಲ್ಲಿ ಮೂರು ಕೂಗಿಗೆ ಬೆಂದಿತು. ಮೊದಲ ಕೂಗಿಗೆ ಪಕ್ಕದ ಡೇರೆಯ ಹುಡುಗನೊಬ್ಬ ಓಡಿಬಂದು, ಇದು ರೈಲಿನದಾ ಎಂದು ಕೇಳಿದ. ಎರಡನೇ ಕೂಗಿಗೆ ಅವನ ತಂಗಿಯೂ ಬಂದಳು. ಮೂರನೆಯದಕ್ಕೆ ಅವರ ಅಪ್ಪ.

ರಾತ್ರಿಯದೇ ನಿಜವಾದ ಪರೀಕ್ಷೆ. ಕತ್ತಲಾದ ಮೇಲೆ ಥಂಡಿ ಸರಸರನೆ ಇಳಿಯಿತು. ಡೇರೆಯೊಳಗೆ ಒಂದು ಅಗ್ಗಿಷ್ಟಿಕೆ ಇಟ್ಟರಾಗದೇ ಎಂದಳು ನನ್ನಾಕೆ. “ಬೇಡ ಅತ್ತೆ. ಮುಚ್ಚಿದ ಡೇರೇಲಿ ಕೆಂಡ, ಸ್ಟವ್ ಏನೇ ಇಟ್ರೂ ವಿಷಗಾಳಿ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ, ಗೊತ್ತೇ ಆಗಲ್ಲ” ಎಂದರು ಅಳಿಯಂದಿರು. ಕೂಸಿನ ಮೇಲೆ ಕಂಬಳಿ ಹೊದಿಸುವಂತೆಯೂ ಇಲ್ಲ, ಮುಖದ ಮೇಲೆ ಸರಿದರೆ ಉಸಿರು ಕಟ್ಟೀತು. ಅದರ ಬದಲು ಮೈಗಂಟಿದ ಉಲ್ಲನ್ ಉಡುಪು, ಮೇಲೆ ತೋಳಿಗೆ ಸಿಕ್ಕಿಸಿ ಜಿಪ್ ಹಾಕುವ ಚೀಲದಂಥ ಹೊದಿಕೆ, ಅವಳದೇ ಪುಟ್ಟ ಹಾಸಿಗೆ. ಒಂದು ಕರಾರು ಮೊದಲೇ ಆಗಿತ್ತು. ಮಗುವಿಗೆ ಒಗ್ಗದಿದ್ದರೆ ಯಾರೂ ವಾದಿಸದೆ ಎದ್ದು ಕಾರಿಗೆ ಹೋಗುವುದು, ಹೀಟರ್ ಹಾಕಿಕೊಂಡು ರೂಮು ಹುಡುಕುವುದು. ಅದಕ್ಕೆಂದೇ ಕಾರಿನ ಮೂತಿಯನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿದ್ದೆವು.

ಎರಡು ಗಂಟೆಗೆ ಪುಟ್ಟಿ ಅತ್ತಳು. ಸಣ್ಣ ಅಳುವಲ್ಲ. ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿತ್ತು. ನನ್ನಾಕೆ ಅವಳ ಕೈ ಮುಟ್ಟಿ, “ಐಸ್ ಆಗಿದೆ ಕಣೇ!” ಎಂದು ಗಾಬರಿಯಾದಳು. ಮಗಳು ಕೈ ಬಿಟ್ಟು, ಕತ್ತಿನ ಹಿಂಭಾಗಕ್ಕೆ ಎರಡು ಬೆರಳು ತೂರಿಸಿ ನೋಡಿದಳು. “ಇಲ್ಲಿ ಬೆಚ್ಚಗಿದೆ ಅಮ್ಮ. ಕೈ ತಣ್ಣಗಿದ್ರೆ ಲೆಕ್ಕಕ್ಕಿಲ್ಲ. ಎದೆ, ಕತ್ತು ನೋಡ್ಬೇಕು.” ಅತ್ತೆ ಅಳಿಯ ಇಬ್ಬರೂ ನನ್ನ ಕಡೆ ನೋಡಿದರು. ಬಸ್ಸು ಬಿಡಬೇಕೋ ತಡೆಯಬೇಕೋ ಎಂಬ ಪ್ರಶ್ನೆ ನನಗೆ ಹೊಸದಲ್ಲ. ಆದರೆ ಒಳಗೆ ಕೂತವಳು ನನ್ನ ಮೊಮ್ಮಗಳು. ಹಾಲು ಕುಡಿಸು, ಹತ್ತು ನಿಮಿಷ ನೋಡೋಣ, ಅಷ್ಟರಲ್ಲಿ ನಾನು ಕಾರು ಬಿಸಿಮಾಡುತ್ತೇನೆ ಎಂದು ಬೀಗದ ಕೈ ತೆಗೆದುಕೊಂಡೆ.

ಕಾರು ಇಪ್ಪತ್ತು ಹೆಜ್ಜೆ. ಕರಡಿಗೆ ನಾವು ಇದ್ದೇವೆಂದು ಗೊತ್ತಾಗಬೇಕು, ಸದ್ದು ಮಾಡುತ್ತಾ ನಡೆಯಬೇಕು ಎಂದು ರೇಂಜರ್ ಹೇಳಿದ್ದಳು. ಆ ಹೊತ್ತಿನಲ್ಲಿ ಬಾಯಿಗೆ ಬಂದಿದ್ದು ಅದೊಂದೇ. “ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರ್ ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ...” ಟಾರ್ಚು ಹಿಡಿದು ಕೂಗುತ್ತಾ ಹೋದೆ. ಮೇಲೆ ನಕ್ಷತ್ರಗಳು ಹೇಗಿದ್ದವೆಂದರೆ, ಆಕಾಶಗಂಗೆ ಒಂದು ಮರದಿಂದ ಇನ್ನೊಂದು ಮರಕ್ಕೆ ಕಟ್ಟಿದ ಬಿಳಿ ಪಂಚೆಯಂತಿತ್ತು. ಡೇರೆಯೊಳಗಿನಿಂದ ನನ್ನಾಕೆಯ ದನಿ ಬಂತು. “ರೀ, ಮೆಜೆಸ್ಟಿಕ್ ಬಂತಾ? ಬನ್ನಿ, ಮಲಗಿದಳು.”

ಹಸಿವಾಗಿತ್ತು, ಅಷ್ಟೆ. ಬೆಳಗಿನ ತನಕ ಎಚ್ಚರವಾಗಲಿಲ್ಲ. ಅಜ್ಜಿ ಮಾತ್ರ ಗಂಟೆಗೊಮ್ಮೆ ಎದ್ದು ಕತ್ತಿನ ಹಿಂದೆ ಎರಡು ಬೆರಳಿಟ್ಟು ನೋಡುತ್ತಿದ್ದಳು.

ಮರುದಿನ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆಗೆ ಹೋಗುವ ದಾರಿಯಲ್ಲಿ ಐಸಾ ಎಂಬ ಪುಟ್ಟ ಕೊಳ ಸಿಕ್ಕಿತು. ನಮ್ಮಲ್ಲಿ ಸಕಲೇಶಪುರದ ಹೇಮಾವತಿ ಪೂರ್ವದ ಕಡಲಿಗೆ ಹೊರಟರೆ, ಸ್ವಲ್ಪ ಆಚೆ ಶಿರಾಡಿಯ ಕೆಂಪುಹೊಳೆ ಪಶ್ಚಿಮದ ಕಡಲಿಗೆ ಹೊರಡುತ್ತದಲ್ಲ, ಇಲ್ಲಿ ಒಂದೇ ಕೊಳದ ನೀರು ಎರಡು ಮಹಾಸಾಗರಕ್ಕೂ ಹರಿಯುತ್ತದೆ. ತಮಾಷೆಯೆಂದರೆ ಪೂರ್ವದ ತುದಿಯ ನೀರು ಸುತ್ತಿ ಬಳಸಿ ಪಶ್ಚಿಮದ ಪೆಸಿಫಿಕ್ ಸೇರುತ್ತದೆ, ಪಶ್ಚಿಮದ ತುದಿಯದು ಪೂರ್ವಕ್ಕೆ ಅಟ್ಲಾಂಟಿಕ್ ಕಡೆಗೆ! ಪುಟ್ಟಿಗೆ ಅದರಲ್ಲಿ ಕಂಡಿದ್ದು ತಾವರೆ ಎಲೆಯಂಥ ಎಲೆಗಳು ಮಾತ್ರ. ಬೇಕೆಂದು ಕೈ ಚಾಚಿದಳು.

ಓಲ್ಡ್ ಫೇತ್‌ಫುಲ್ ನನಗೆ ಎಲ್ಲಕ್ಕಿಂತ ಹಿಡಿಸಿತು. ಭೂಮಿಯೊಳಗೆ ಕಾದ ನೀರು ಸುಮಾರು ಒಂದೂವರೆ ಗಂಟೆಗೊಮ್ಮೆ 30ರಿಂದ 55 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. ಹಿಂದಿನ ಸಲ ಎಷ್ಟು ನಿಮಿಷ ಚಿಮ್ಮಿತೆಂದು ಅಳೆದು ಮುಂದಿನ ಸಮಯವನ್ನು ಲೆಕ್ಕ ಹಾಕುತ್ತಾರೆ. ಹೆಚ್ಚು ಹೊತ್ತು ಚಿಮ್ಮಿದ್ದರೆ ಹೆಚ್ಚು ಹೊತ್ತು ಕಾಯಬೇಕು. ಸಮಯವನ್ನು ಬೋರ್ಡಿನಲ್ಲಿ ಬರೆದು, ಹತ್ತು ನಿಮಿಷ ಆಚೀಚೆ ಎಂದೂ ಸೇರಿಸಿರುತ್ತಾರೆ. ನಮ್ಮ ಬೋರ್ಡುಗಳಲ್ಲಿ ಆ ಸಾಲೊಂದು ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು!

ಬೋರ್ಡಿನಲ್ಲಿ 1.50 ಎಂದಿತ್ತು. ಬೆಂಚುಗಳ ತುಂಬ ಜನ. 1.54ಕ್ಕೆ ನೀರು ಗುಡುಗುಡಿಸಿ, ಎರಡು ಸಲ ಪುಸಕ್ಕೆಂದು, ಮೂರನೇ ಸಲ ಬೆಳ್ಳಗೆ ಆಕಾಶಕ್ಕೇರಿತು. ಜನರೆಲ್ಲ ಹೋ ಎಂದರು. ಪುಟ್ಟಿ ಎದೆಗೆ ಕಟ್ಟಿಕೊಂಡಿದ್ದ ಚೀಲದೊಳಗೆ ಅಪ್ಪನಿಗೊರಗಿ ನಿದ್ದೆ ಮಾಡುತ್ತಿದ್ದಳು. ಎರಡು ಗಂಟೆಯ ನಿದ್ದೆಯಲ್ಲವೇ, ಅದು ಅವಳ ಟೈಮಿಂಗ್. ಎದ್ದಾಗ ಬೆಂಚುಗಳು ಖಾಲಿಯಾಗಿದ್ದವು. ಮುಂದಿನದಕ್ಕೆ ಇನ್ನೂ ಒಂದು ಗಂಟೆಗೆ ಮಿಕ್ಕಿ ಸಮಯವಿತ್ತು. ಸರಿಯ ಡಬ್ಬಿಯೂ ಬಿಸಿನೀರಿನ ಫ್ಲಾಸ್ಕೂ ಕಾರಿನಲ್ಲಿದ್ದವು. ಅಳಿಯಂದಿರು ತರಲು ಹೋದರು, ನಾವು ಮುಂದಿನ ಸಾಲಿನ ಬೆಂಚಿಗೆ ಸರಿದು ಕೂತೆವು.