ಮನವಿ ಮತ್ತು ಸುತ್ತೋಲೆ

18 ಆಗಸ್ಟ್ 2020, ಮಂಗಳವಾರ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಕೊರೊನಾದಿಂದ ಶಾಲೆ ಮುಚ್ಚಿರುವಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ವಿದ್ಯಾಗಮವನ್ನು ಅರಳಿಕಟ್ಟೆ, ಮರದ ನೆರಳು, ದೇವಸ್ಥಾನದ ಅಂಗಳದಲ್ಲಿ ನಡೆಸಬಹುದು ಎನ್ನುತ್ತಾರೆ. ಬಯಲುಸೀಮೆಗೆ ಅದು ಸರಿ. ಹಾಸನ ಜಿಲ್ಲೆಯ ಮಲೆಸೀಮೆಯ ನಮ್ಮ ಪಾಳ್ಯದ ಸುತ್ತ ಆಗಸ್ಟಿನಲ್ಲಿ ಮರದ ಕೆಳಗೆ ಮಕ್ಕಳನ್ನು ಕೂರಿಸಲಾಗುವುದಿಲ್ಲ. ಎಸ್ಟೇಟಿನ ಲೈನ್ ಮನೆಗಳ ಕೊನೆಗೆ ಗೊಬ್ಬರ ತುಂಬುವ ಗೋದಾಮಿದೆ. ಅದರ ಜಗಲಿಯೇ ನನ್ನ ಪಾಲಿನ ಶಾಲೆ. ಅಂತರಕ್ಕೆಂದು ಸುಣ್ಣದಲ್ಲಿ ಎಳೆದಿದ್ದ ವೃತ್ತಗಳು ಎರಚಲಿಗೆ ಅಳಿಸಿಹೋಗಿದ್ದವು. ಎರಡನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ತನ್ನ ವೃತ್ತ ಇದ್ದ ಜಾಗವನ್ನೇ ನೆನಪಿಟ್ಟುಕೊಂಡು, ಫ್ರಾಕು ಒದ್ದೆಯಾದರೂ ಅಲ್ಲಿಂದ ಕದಲಲಿಲ್ಲ. ತಗಡಿನ ಮೇಲೆ ಮಳೆ ಸುರಿಯುವಾಗ, ಮಾಸ್ಕಿನೊಳಗಿನಿಂದ ನಾನು ಹೇಳಿದ ಮಗ್ಗಿ ಹಿಂದಿನ ಸಾಲಿಗೆ ಕೇಳಿಸಿರಲಾರದು.

ಮಕ್ಕಳನ್ನು ಮೂರು ಗುಂಪು ಮಾಡಿ ಅಂದಿದ್ದಾರೆ: ಫೋನೇ ಇಲ್ಲದವರು, ಬರೀ ಮಾತಾಡುವ ಫೋನ್ ಇರುವವರು, ಇಂಟರ್ನೆಟ್ ಇರುವ ಫೋನಿನವರು. ನನ್ನ ಪಟ್ಟಿಯಲ್ಲಿ ಮೊದಲ ಗುಂಪೇ ದೊಡ್ಡದು. ದೊಡ್ಡ ಮಕ್ಕಳಿಗೆ ಜುಲೈ 20ರಿಂದ ಚಂದನ ಟಿ.ವಿ.ಯಲ್ಲಿ ‘ಸಂವೇದ’ ಪಾಠ ಬರುತ್ತಿದೆ. ಒಂದು ಗಾಳಿಗೆ ಕರೆಂಟು ಹೋದರೆ ಅದೂ ಇಲ್ಲ.

ಮೂರು ಗಂಟೆಗೇ ಬಿಟ್ಟುಬಿಟ್ಟೆ. ಹಳ್ಳದ ಕಡೆ ಆನೆ ಇವೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಹೊರಡುವಾಗ ಒಬ್ಬ ತಾಯಿ, ‘ಮೇಷ್ಟ್ರೇ, ನಾಳೆನೂ ಬತ್ತೀರ ತಾನೆ?’ ಅಂದರು. ರೋಗದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ.

11 ಅಕ್ಟೋಬರ್ 2020, ಭಾನುವಾರ

ನಿನ್ನೆ ವಿದ್ಯಾಗಮ ನಿಲ್ಲಿಸಿದರು. ಇವತ್ತು ಮುಖ್ಯಮಂತ್ರಿ ಯಡಿಯೂರಪ್ಪನವರು ನಾಳೆಯಿಂದ 30ರವರೆಗೆ ಮಧ್ಯಂತರ ರಜೆ ಎಂದಿದ್ದಾರೆ. ಕಲಬುರಗಿ ಕಡೆಯ ಹಳ್ಳಿಯೊಂದರಲ್ಲಿ ವಿದ್ಯಾಗಮಕ್ಕೆ ಬಂದ ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ, ಅಲ್ಲಲ್ಲಿ ಶಿಕ್ಷಕರು ಸತ್ತ ಸುದ್ದಿ ವಾರದಿಂದ ಪತ್ರಿಕೆಯಲ್ಲಿ ಬರುತ್ತಲೇ ಇತ್ತು.

ಶಿಕ್ಷಕರ ಸಂಘದ ಗೆಳೆಯರ ಜೊತೆ ರಾತ್ರಿ ಫೋನಿನಲ್ಲಿ ಬಹಳ ಹೊತ್ತು ವಾದವಾಯಿತು. ನಿಲ್ಲಿಸಿದ್ದು ನಮ್ಮ ಗೆಲುವು ಎನ್ನುತ್ತಾನೆ ಒಬ್ಬ. ನಾನು ಒಪ್ಪಲಿಲ್ಲ. ನಾವು ಕೇಳಿದ್ದು ನಿಲ್ಲಿಸಿ ಎಂದಲ್ಲ. ಮನೆಮನೆ ಸಮೀಕ್ಷೆ, ಚೆಕ್‌ಪೋಸ್ಟ್ ಎಲ್ಲಕ್ಕೂ ನಮ್ಮನ್ನು ಹಾಕಿದ್ದೀರಿ, ನಮ್ಮನ್ನೂ ಕೊರೊನಾ ವಾರಿಯರ್ ಎಂದು ಪರಿಗಣಿಸಿ, ಸತ್ತವರ ಮನೆಗೆ ಪರಿಹಾರ ಕೊಡಿ, ಕಾಯಿಲೆ ಇರುವವರಿಗೆ ವಿನಾಯಿತಿ ಕೊಡಿ ಎಂದು ಕೇಳಿದ್ದು. ಅದಕ್ಕೆ ಉತ್ತರ ಬರಲಿಲ್ಲ, ರಜೆ ಬಂತು. ಕೇಳಿದ್ದನ್ನು ಕೊಡದೆ ಕೇಳದ್ದನ್ನು ಕೊಟ್ಟರೆ ಅದನ್ನು ಗೆಲುವು ಎಂದು ಹೇಗೆ ಬರೆದುಕೊಳ್ಳುವುದು?

ಗೋದಾಮಿನ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ನಾಳೆ ಚೀಲ ಹಿಡಿದು ಬಂದು ಕೂತಿರುತ್ತಾರೆ.

31 ಡಿಸೆಂಬರ್ 2020, ಗುರುವಾರ

ಪಂಚಾಯ್ತಿ ಚುನಾವಣೆ ಮುಗಿಯಿತು, ನಿನ್ನೆ ಎಣಿಕೆಯೂ ಆಯಿತು. ಮತಗಟ್ಟೆಯಾಗಿದ್ದ ಶಾಲೆಗಳಲ್ಲಿ ಇಡೀ ಊರು ಸಾಲುಗಟ್ಟಿ ನಿಂತಿತ್ತು. ಮತಗಟ್ಟೆ ಅಧಿಕಾರಿಗಳಾಗಿ ಕೂತಿದ್ದವರು ನಾವೇ. ಮತದಾರರಿಗೆ ತೆರೆದ ಕೊಠಡಿ ಒಂದನೇ ತರಗತಿಯ ಮಗುವಿಗೆ ಮಾತ್ರ ಅಪಾಯ ಎನ್ನುವುದನ್ನು ಲೈನ್ ಮನೆಯವರ ಮುಂದೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಾಳೆಯಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ತರಗತಿ. ಆರರಿಂದ ಒಂಬತ್ತಕ್ಕೆ ಶಾಲೆಯ ಆವರಣದಲ್ಲೇ ವಿದ್ಯಾಗಮ. ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ. ಚಿಕ್ಕ ಮಕ್ಕಳಿಗೆ ಏನೂ ಇಲ್ಲ. ಈಗ ಕಾಫಿ ಹಣ್ಣಿನ ಕುಯ್ಲು. ಆರನೇ ತರಗತಿಯ ಹುಡುಗ ಅಪ್ಪನ ಜೊತೆ ಗಿಡದ ಬುಡದಲ್ಲಿ ಉದುರು ಹಣ್ಣು ಹೆಕ್ಕುತ್ತಿದ್ದ. ನನ್ನನ್ನು ನೋಡಿ ಕೈ ಹಿಂದಕ್ಕೆ ಮುಚ್ಚಿಟ್ಟುಕೊಂಡ. ಬೆರಳೆಲ್ಲ ಕಪ್ಪಾಗಿತ್ತು.

11 ಫೆಬ್ರವರಿ 2021, ಗುರುವಾರ

ಅಮೆರಿಕದ ಷಿಕಾಗೊದಲ್ಲಿ ಶಿಕ್ಷಕರ ಸಂಘಕ್ಕೂ ಅಲ್ಲಿನ ಶಾಲಾ ಆಡಳಿತಕ್ಕೂ ವಾರಗಟ್ಟಲೆ ನಡೆದ ಜಗ್ಗಾಟ ಮುಗಿದಿದೆ. ಲಸಿಕೆ ಕೊಡದೆ, ಸುರಕ್ಷತೆ ಖಾತ್ರಿಯಿಲ್ಲದೆ ತರಗತಿಗೆ ಕಾಲಿಡುವುದಿಲ್ಲ ಎಂದು ಸದಸ್ಯರು ಮತ ಹಾಕಿದ್ದರು. ಮೇಯರ್ ಲೋರಿ ಲೈಟ್‌ಫುಟ್ ಕೆಲಸದ ಖಾತೆಗಳನ್ನೇ ಬಂದ್ ಮಾಡುವುದಾಗಿ ಎಚ್ಚರಿಸಿದ್ದರು. ಕೊನೆಗೆ ಇಬ್ಬರೂ ಕೂತು ಒಪ್ಪಂದ ಬರೆದರು. ಶಿಕ್ಷಕರಿಗೆ ಲಸಿಕೆ, ಹಂತ ಹಂತವಾಗಿ ತರಗತಿ, ಸೋಂಕು ಎಷ್ಟಕ್ಕೇರಿದರೆ ಮತ್ತೆ ಮುಚ್ಚಬೇಕು ಎಂಬ ಲೆಕ್ಕ, ಎಲ್ಲ ಬರಹದಲ್ಲಿದೆ.

ಅಲ್ಲಿನ ಬಡ ಮಕ್ಕಳೂ ಆ ಜಗ್ಗಾಟದಲ್ಲಿ ತಿಂಗಳುಗಟ್ಟಲೆ ಪಾಠ ಕಳೆದುಕೊಂಡಿದ್ದಾರೆ, ಅದನ್ನು ಮರೆಯುವಂತಿಲ್ಲ. ಆದರೆ ಆ ಬರಹದ ಮೇಲೆ ನನಗೆ ಆಸೆ. ನಾವು ಸರ್ಕಾರಿ ನೌಕರರು, ನಡತೆ ನಿಯಮದ ಪ್ರಕಾರ ಮುಷ್ಕರ ಹೂಡುವಂತಿಲ್ಲ. ನಮ್ಮ ಕೈಯಲ್ಲಿರುವುದು ಮನವಿ, ಅವರ ಕೈಯಲ್ಲಿರುವುದು ಸುತ್ತೋಲೆ. ಮನವಿ ಮೇಲಕ್ಕೆ ಹೋಗುತ್ತದೆ, ಸುತ್ತೋಲೆ ಕೆಳಕ್ಕೆ ಬರುತ್ತದೆ, ಇಬ್ಬರೂ ಸಹಿ ಹಾಕಿದ ಹಾಳೆ ಇದುವರೆಗೆ ಒಂದೂ ಇಲ್ಲ. ಖಾಸಗಿ ಶಾಲೆಗಳ ಸಂಘಗಳಾದರೂ ಶೇ 30ರ ಶುಲ್ಕ ಕಡಿತದ ಆದೇಶಕ್ಕೆ ಎದುರಾಗಿ ಬೀದಿಗಿಳಿಯುತ್ತೇವೆ ಎನ್ನುತ್ತಿವೆ. ಅವರದು ಹಣದ ಜಗಳ, ಆದರೂ ಅವರ ದನಿ ವಿಧಾನಸೌಧಕ್ಕೆ ಕೇಳುತ್ತದೆ.

20 ಮೇ 2021, ಗುರುವಾರ

ಉತ್ತರ ಪ್ರದೇಶದಲ್ಲಿ ಪಂಚಾಯ್ತಿ ಚುನಾವಣೆ ಕೆಲಸಕ್ಕೆ ಹೋಗಿ 1,621 ಮಂದಿ ಶಿಕ್ಷಕರು, ಶಿಕ್ಷಣ ಇಲಾಖೆ ನೌಕರರು ತೀರಿಕೊಂಡರೆಂದು ಅಲ್ಲಿನ ಪ್ರಾಥಮಿಕ ಶಿಕ್ಷಕರ ಸಂಘ ಪಟ್ಟಿ ಕೊಟ್ಟಿದೆ. ಸರ್ಕಾರ ಹೇಳಿದ್ದು 3. ಕರ್ತವ್ಯ ಎಂದರೆ ಮನೆ ಬಿಟ್ಟ ಹೊತ್ತಿನಿಂದ ಮನೆ ಸೇರುವವರೆಗೆ ಮಾತ್ರವಂತೆ. ಮತಗಟ್ಟೆಯಲ್ಲಿ ತಗುಲಿದ ಸೋಂಕಿಗೆ ಎರಡು ವಾರ ಬಿಟ್ಟು ಪ್ರಾಣ ಹೋದರೆ ಅದು ಲೆಕ್ಕಕ್ಕಿಲ್ಲ. ನಮ್ಮಲ್ಲೂ ಕಳೆದ ತಿಂಗಳು ಬೆಳಗಾವಿ, ಬಸವಕಲ್ಯಾಣ, ಮಸ್ಕಿಯಲ್ಲಿ ಉಪಚುನಾವಣೆ ನಡೆಯಿತು. ಆ ಕಡೆಯ ಶಿಕ್ಷಕರ ಸಾವಿನ ಸುದ್ದಿ ಓದಿ ಓದಿ ಸಾಕಾಗಿದೆ.

‘ಮನೇಲಿ ಕೂತು ಸಂಬಳ ತಗೊಳ್ತಾರೆ’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಇವತ್ತೂ ಯಾರೋ ಅಂದರು. ಈ ಮಾತು ಅನ್ಯಾಯದ್ದು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

23 ಆಗಸ್ಟ್ 2021, ಸೋಮವಾರ

ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ಇವತ್ತಿನಿಂದ ಬಾಗಿಲು ತೆರೆದಿದೆ, ಹಾಸನಕ್ಕಿಲ್ಲ. ಪಾಸಿಟಿವಿಟಿ ಶೇ 2ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಿಗೆ ಮಾತ್ರ. ಹಾಸನ, ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಹೊರಗುಳಿದಿವೆ. ನಮ್ಮ ಮಲೆಸೀಮೆಗೇ ಕಾಯುವ ಪಾಳಿ.

ಒಂದು ಅಂಕಿ ಇಟ್ಟುಕೊಂಡು ತೀರ್ಮಾನಿಸಿದ್ದು ಒಳ್ಳೆಯದೇ. ಹೋದ ವರ್ಷವೇ ಅದು ಆಗಬೇಕಿತ್ತು. ಆದರೆ ಜಿಲ್ಲೆ ದೊಡ್ಡ ಅಳತೆ. ಹಾಸನ ನಗರದ ಸೋಂಕು ಏರಿದರೆ, ಊರಿಗೆ ಹೊರಗಿನವರೇ ಕಾಲಿಡದ ಲೈನ್ ಮನೆಯ ಮಗುವಿಗೂ ಪಾಠವಿಲ್ಲ. ತಾಲ್ಲೂಕು ಬೇಡ, ಹೋಬಳಿ ಲೆಕ್ಕ ಹಿಡಿಯಬಹುದಲ್ಲ? ಯಾವ ಊರಲ್ಲಿ ಯಾರಿಗೆ ಜ್ವರ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತು, ಹೆಡ್‌ಮಾಸ್ಟರಿಗೆ ಗೊತ್ತು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಗೊತ್ತು. ಈ ಮೂವರನ್ನು ಯಾರೂ ಕೇಳಲಿಲ್ಲ. ನಮ್ಮ ಸಂಘವೂ ಹಾಗೆ ಕೇಳಿಸಿ ಎಂದು ಒತ್ತಾಯಿಸಲಿಲ್ಲ. ನಮ್ಮ ಮನವಿಗಳಲ್ಲಿ ಪರಿಹಾರ, ಲಸಿಕೆ, ವಿನಾಯಿತಿ ಎಲ್ಲ ಇತ್ತು, ನ್ಯಾಯವಾದದ್ದೇ. ಮಕ್ಕಳ ಕಲಿಕೆ ಕೊನೆಯ ಪ್ಯಾರಾದಲ್ಲಿ ಬರುತ್ತಿತ್ತು.

25 ಅಕ್ಟೋಬರ್ 2021, ಸೋಮವಾರ

ಒಂದರಿಂದ ಐದರವರೆಗೆ ಇವತ್ತು ಶುರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದೆವು. ಎರಡೂ ಡೋಸ್ ಹಾಕಿಸಿಕೊಂಡ ಪ್ರಮಾಣಪತ್ರಗಳನ್ನು ಹೆಡ್‌ಮಾಸ್ಟರು ಫೈಲಿಗೆ ಹಾಕಿದರು.

ಗೋದಾಮಿನಲ್ಲಿ ಒದ್ದೆಯಾಗಿ ಕೂತಿದ್ದ ಹುಡುಗಿ ಈಗ ಮೂರನೇ ತರಗತಿ. ಕೊಠಡಿಯೊಳಗೆ ಅವಳು ಕಲಿತದ್ದು ಒಂದನೇ ತರಗತಿಯಲ್ಲಿ, ಅದೂ ಮಾರ್ಚ್ ತಿಂಗಳ ಮಧ್ಯದವರೆಗೆ. ಹೆಸರು ಬರೆ ಅಂದೆ. ಮೊದಲ ಅಕ್ಷರಕ್ಕೆ ತಲಕಟ್ಟು ಹಾಕಿ, ಮುಂದೆ ಏನು ಎಂದು ನನ್ನ ಮುಖ ನೋಡಿದಳು. ಎರಡನೇ ತರಗತಿಯವರಂತೂ ಶಾಲೆಯ ಬೆಂಚು ಕಂಡದ್ದೇ ಇವತ್ತು. ಇನ್ನು ಕೆಲವರು ಬರಲೇ ಇಲ್ಲ. ಅವರ ಮನೆಯವರು ಬೇರೆ ತೋಟಕ್ಕೆ ಹೋಗಿದ್ದಾರೆ. ಯಾವ ತೋಟ ಎಂದು ಪಕ್ಕದ ಲೈನಿನವರಿಗೂ ತಿಳಿಯದು.

ಸಂಘದ ತಾಲ್ಲೂಕು ಸಭೆಗೆ ಈ ಎರಡು ಬೇಡಿಕೆ ಬರೆದು ಕೊಡುತ್ತಿದ್ದೇನೆ. ಮುಂದೆ ಶಾಲೆ ಮುಚ್ಚುವ, ತೆರೆಯುವ ಪ್ರಸಂಗ ಬಂದರೆ ಅದರ ಷರತ್ತುಗಳನ್ನು ಇಲಾಖೆ, ಶಿಕ್ಷಕರು, ಎಸ್‌ಡಿಎಂಸಿ ಒಟ್ಟಿಗೆ ಕೂತು ಮೊದಲೇ ಬರೆದು ಸಹಿ ಹಾಕಬೇಕು. ಶಾಲೆಗೆ ಮರಳದ ಮಕ್ಕಳ ಪಟ್ಟಿಯನ್ನು ಪ್ರತಿ ಮನವಿಯ ಮೊದಲ ಪುಟಕ್ಕೆ ಹಚ್ಚಬೇಕು. ನಮ್ಮ ಶಾಲೆಯ ಪಟ್ಟಿ ಸಿದ್ಧವಿದೆ. ಮಿಕ್ಕ ಶಾಲೆಗಳವರೂ ದಯಮಾಡಿ ಈ ವಾರದೊಳಗೆ ಬರೆದು ಕೊಡಿ.