ನೆನಪಿಟ್ಟುಕೊಳ್ಳೋರು ಯಾರು?

ಜಾವಾದಲ್ಲಿ ಹೊಟ್ಟೆ ಹೊರೆದವರಿಗೆಲ್ಲ ‘ಸ್ಟೇಟ್‌ಲೆಸ್ ಸೆಶನ್ ಬೀನ್’ ಅನ್ನೋ ಪ್ರಾಣಿಯ ಪರಿಚಯ ಇದ್ದೇ ಇರುತ್ತೆ. ಸರ್ವರ್‌ನಲ್ಲಿ ಕೂತಿರುವ ಆಬ್ಜೆಕ್ಟ್ ಅದು. ಕೇಳಿದ್ದನ್ನು ಮಾಡಿಕೊಡುತ್ತೆ, ಮರುಕ್ಷಣ ನಿಮ್ಮನ್ನು ಮರೆತುಬಿಡುತ್ತೆ. ಮತ್ತೆ ಹೋದರೆ ಅದೇ ಸಿಗುತ್ತೆ ಅನ್ನೋ ಖಾತ್ರಿಯೂ ಇಲ್ಲ; ಪೂಲ್‌ನಲ್ಲಿ ಯಾವುದು ಖಾಲಿ ಕೂತಿದೆಯೋ ಅದು ಎದ್ದು ಬರುತ್ತೆ.

ಹಳ್ಳಿಯಿಂದ ಬಂದ ನನಗೆ ಇದು ವಿಚಿತ್ರ ಅನ್ನಿಸಿತ್ತು. ನಮ್ಮೂರ ಶೆಟ್ಟರು ‘ಮೊನ್ನೆ ತಾನೆ ಅಕ್ಕಿ ಒಯ್ದೆಯಲ್ಲೋ, ನೆಂಟರು ಬಂದಿದಾರಾ?’ ಅಂತ ಕೇಳೋರು. ಮೂರು ತಿಂಗಳ ಲೆಕ್ಕ ಅವರ ತಲೆಯಲ್ಲೇ. ಆದರೆ ಅವರು ಜ್ವರ ಬಂದು ಮಲಗಿದ ದಿನ ಮಗನ ಹತ್ತಿರ ಸಾಲ ಹುಟ್ಟುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಶೆಟ್ಟರು ‘ಸ್ಟೇಟ್‌ಫುಲ್’. ನೂರು ಮನೆಗೆ ಸರಿ, ತತ್ಕಾಲ್ ಟಿಕೆಟ್‌ಗೆ ಮುಗಿಬೀಳುವ ಜನಕ್ಕೆ ಆಗೋದಿಲ್ಲ. ಯಾರನ್ನೂ ನೆನಪಿಡಬೇಕಿಲ್ಲದ ಕಾರಣಕ್ಕೇ ಕೆಲವೇ ಆಬ್ಜೆಕ್ಟ್‌ಗಳು ಸಾವಿರಾರು ಜನರನ್ನು ಸುಧಾರಿಸುತ್ತವೆ. ಒಂದು ಸರ್ವರ್ ಕೈಕೊಟ್ಟರೆ ಪಕ್ಕದ್ದು ಕೆಲಸ ಎತ್ತಿಕೊಳ್ಳುತ್ತೆ.

ಹಾಗಂತ ನೀವು ಕಾರ್ಟ್‌ಗೆ ಹಾಕಿದ ಪುಸ್ತಕ ಮಾಯವಾಗೋ ಹಾಗಿಲ್ಲವಲ್ಲ? ಅದು ಡೇಟಾಬೇಸ್‌ಗೆ ಹೋಗುತ್ತೆ, ಇಲ್ಲವೇ ನಿಮ್ಮದೇ ಬ್ರೌಸರ್‌ಗೆ. ಎಚ್‌ಟಿಟಿಪಿ ಹುಟ್ಟಾ ಮರೆಗುಳಿ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕೀ ತಂದಿದ್ದು ಅದಕ್ಕೇ: ಸರ್ವರ್ ಒಂದು ಚೀಟಿ ಬರೆದುಕೊಡುತ್ತೆ, ಬ್ರೌಸರ್ ಹೋದಾಗಲೆಲ್ಲ ಅದನ್ನು ತೋರಿಸುತ್ತೆ.

ಕಳೆದ ವರ್ಷ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯ್ತು. ವಿಮೆ ದುಡ್ಡಿಗಾಗಿ ಕಂಪನಿಗೆ ಫೋನ್ ಮಾಡೋರು. ಪ್ರತಿ ಸಲ ಹೊಸ ದನಿ, ಪ್ರತಿ ಸಲ ಪಾಲಿಸಿ ನಂಬರಿನಿಂದ ಶುರು. ‘ನಿನ್ನೆ ಒಬ್ಬರಿಗೆ ಎಲ್ಲಾ ಹೇಳಿದ್ನಲ್ಲಮ್ಮ’ ಅಂದರೆ, ‘ಸಿಸ್ಟಮ್‌ನಲ್ಲಿ ಕಾಣಿಸ್ತಿಲ್ಲ ಸರ್’. ದುಡ್ಡು ತಡವಾಗಿದ್ದಕ್ಕಲ್ಲ, ತಾನು ಸುಳ್ಳು ಹೇಳ್ತಿದೀನಿ ಅಂದ್ಕೊಂಡಿದಾರೆ ಅಂತ ಅಪ್ಪನಿಗೆ ಸಂಕಟ.

ಆ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಪಾಳಿ ಬದಲಾದಂತೆ ಜನ ಬದಲಾಗೋದೇ ಅಲ್ಲಿನ ಪದ್ಧತಿ, ಥೇಟ್ ನಮ್ಮ ಬೀನ್ ಪೂಲ್. ಆದರೆ ಪೂಲ್‌ನ ಹಿಂದೆ ಎಲ್ಲರೂ ಓದಬಹುದಾದ ಒಂದು ಡೇಟಾಬೇಸ್ ಇರುತ್ತೆ. ಅದಿದ್ದರೆ ಮರೆವು ಒಂದು ಶಿಸ್ತು. ಇಲ್ಲದಿದ್ದರೆ ನೆನಪಿಡುವ ಹೊರೆ ಸೀದಾ ಗಿರಾಕಿಯ ತಲೆಗೆ. ಈಗೀಗ ಡಿಸೈನ್ ರಿವ್ಯೂನಲ್ಲಿ ಯಾರಾದರೂ ಹೆಮ್ಮೆಯಿಂದ ‘ಇದು ಪೂರ್ತಿ ಸ್ಟೇಟ್‌ಲೆಸ್’ ಅಂದರೆ, ‘ಬರೆದಿಡೋರು ಯಾರು?’ ಅಂತ ಕೇಳ್ತೀನಿ. ಕೆಲವರು ಮುಖ ಸಿಂಡರಿಸ್ತಾರೆ.

ಅಪ್ಪ ಕೊನೆಗೆ ಡೈರಿಗೆ ಹಾಲು ಹಾಕಿದ್ದು ಬರೆಯೋ ಪುಸ್ತಕದ ಹಿಂದಿನ ಹಾಳೆಯಲ್ಲಿ ಶುರು ಹಚ್ಚಿಕೊಂಡರು: ತಾರೀಕು, ಹೊತ್ತು, ಯಾರು, ಏನಂದರು. ಫೋನ್ ಮಾಡಿದಾಗೆಲ್ಲ ಮೊದಲಿಂದ ಓದಿ ಹೇಳೋರು. ಮೂರು ಹಾಳೆ ತುಂಬಿದ ಮೇಲೆ ಕ್ಲೇಮು ಪಾಸಾಯ್ತು.